ಬೆರಳು ಕಪ್ಪಾದರೆ ಎಲ್ಲವೂ ಸಕ್ಕರೆ ಕಾಯಿಲೆಯಲ್ಲ

ಅಮೀನಗಡದ ಕುರಿ ಸಂತೆಯಿರಲಿ, ಇಳಕಲ್ಲಿನ ಕಲ್ಲಿನ ಕ್ವಾರಿಯಿರಲಿ, ದುಡಿಮೆ ನಿಂತಿರುವುದು ಕಾಲಿನ ಮೇಲೆ. ಮೂವತ್ತರ ಆಸುಪಾಸಿನ ಗಂಡಸಿಗೆ ಸ್ವಲ್ಪ ದೂರ ನಡೆದರೆ ಅಂಗಾಲು ಹಿಂಡುತ್ತದೆ, ಕೂತರೆ ನೋವು ಇಳಿಯುತ್ತದೆ. ಬರಬರುತ್ತ ರಾತ್ರಿಯೂ ನಿದ್ದೆಯಿಲ್ಲ. ಕಡೆಗೊಂದು ದಿನ ಹೆಬ್ಬೆರಳ ತುದಿ ಕಪ್ಪಾಗುತ್ತದೆ. ಊರವರು ಇದಕ್ಕೆ ಹತ್ತು ಕಾರಣ ಹೇಳುತ್ತಾರೆ, ಬಾಯಲ್ಲಿರುವ ಬೀಡಿಯೊಂದನ್ನು ಬಿಟ್ಟು. ವೈದ್ಯರು ಇದನ್ನು ಬರ್ಜರ್ ಕಾಯಿಲೆ ಎನ್ನುತ್ತಾರೆ.

ತಪ್ಪು ಕಲ್ಪನೆ: "ಬೆರಳು ಕರ್ರಗಾತು ಅಂದ್ರ ಸಕ್ಕರಿ ಕಾಯಿಲೇನ."

ಸತ್ಯ: ಸಕ್ಕರೆ ಕಾಯಿಲೆಯಿಂದಲೂ ಕಾಲು ಕೊಳೆಯುವುದುಂಟು. ಬರ್ಜರ್ ಬೇರೆ. ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ, ಹೆಚ್ಚಾಗಿ 45 ತುಂಬುವ ಮೊದಲೇ, ತಂಬಾಕು ಸೇವಿಸುವ ಗಂಡಸರಿಗೆ ಬರುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳಲ್ಲಿ ಉರಿಯೂತವಾಗಿ, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನ್ಯೂಯಾರ್ಕಿನ ಲಿಯೊ ಬರ್ಜರ್ 1908ರಲ್ಲಿ, ಕತ್ತರಿಸಿ ತೆಗೆದ 11 ಅವಯವಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು.

ತಪ್ಪು ಕಲ್ಪನೆ: "ಸಿಗರೇಟಿನಷ್ಟು ಕೆಟ್ಟದ್ದಲ್ಲ ಬೀಡಿ."

ಸತ್ಯ: ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ. ಆರದಿರಲೆಂದು ಜೋರಾಗಿ, ಪದೇ ಪದೇ ಎಳೆಯಬೇಕು. ಹಾಗಾಗಿ ಒಳಹೋಗುವ ನಿಕೋಟಿನ್, ಟಾರ್ ಸಿಗರೇಟಿಗೆ ಸೋಲುವುದಿಲ್ಲ.

ತಪ್ಪು ಕಲ್ಪನೆ: "ಬೀಡಿ ಬಿಟ್ಟೀನಿ, ಬರೇ ತಂಬಾಕು ತಿಂತೀನಿ."

ಸತ್ಯ: ರಕ್ತನಾಳಕ್ಕೆ ಹೊಗೆ ಯಾವುದು, ಸುಣ್ಣ ಹಚ್ಚಿ ತಿಕ್ಕಿದ ಎಲೆ ಯಾವುದು ಎಂಬ ಭೇದವಿಲ್ಲ. ತಂಬಾಕು ಯಾವ ರೂಪದಲ್ಲಿ ಹೋದರೂ ಕಾಯಿಲೆ ಜೀವಂತ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆಯ ಚೀಟಿಗೆ ತಂಬಾಕಿನ ಚೀಟಿ ಬೆರೆಸಿಕೊಳ್ಳುವವರಿಗೆ ಅದು ತಡೆಯಾಗಲಿಲ್ಲ.   

ತಪ್ಪು ಕಲ್ಪನೆ: "ದಿನಕ್ಕ ಒಂದೋ ಎರಡೋ, ಅಷ್ಟಕ್ಕ ಏನಾಗ್ತೈತಿ?"

ಸತ್ಯ: ಈ ಕಾಯಿಲೆಯಲ್ಲಿ ಕಡಿಮೆ ಮಾಡುವುದೆಂದರೆ ಬಿಟ್ಟಂತಲ್ಲ. ದಿನಕ್ಕೆ ಒಂದೆರಡೂ ಅದನ್ನು ಕೆರಳಿಸಿಡಲು ಸಾಕು.

ತಪ್ಪು ಕಲ್ಪನೆ: "ಆಪರೇಷನ್ ಮಾಡಿಸಿದ್ರ ಸರಿ ಹೋಗ್ತೈತಿ."

ಸತ್ಯ: ದೊಡ್ಡ ನಾಳ ಮುಚ್ಚಿದರೆ ಬೈಪಾಸ್ ಮಾಡಿ ರಕ್ತಕ್ಕೆ ಬೇರೆ ದಾರಿ ಕೊಡಬಹುದು. ಇಲ್ಲಿ ಮುಚ್ಚಿರುವುದು ಪಾದದ ಸಣ್ಣ ನಾಳಗಳು. ದಾರಿ ತಂದು ಜೋಡಿಸಲು ಜಾಗವೇ ಇರುವುದಿಲ್ಲ. ಸೊಂಟದ ನರ ಕತ್ತರಿಸುವ ಶಸ್ತ್ರಚಿಕಿತ್ಸೆ ಕೆಲವರ ನೋವು, ಹುಣ್ಣು ತಗ್ಗಿಸೀತು, ಅಷ್ಟೆ. ಕಾಲು ಉಳಿಸುವುದು ತಂಬಾಕು ಬಿಡುವುದೇ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತನ್ನ ಬರ್ಜರ್ ರೋಗಿಗಳ ಲೆಕ್ಕವಿಟ್ಟಿತ್ತು: ತಂಬಾಕು ಬಿಟ್ಟವರಲ್ಲಿ ಶೇ 94 ಮಂದಿ ಕೈಕಾಲು ಕಳೆದುಕೊಳ್ಳಲಿಲ್ಲ, ಮುಂದುವರಿಸಿದವರಲ್ಲಿ ಶೇ 43 ಮಂದಿಗೆ ಒಂದಾದರೂ ಭಾಗ ಕತ್ತರಿಸಬೇಕಾಯಿತು.

ನಡೆದರೆ ಹಿಡಿಯುವ ಅಂಗಾಲು, ತಣ್ಣಗಿರುವ ಪಾದ, ಮಾಯದ ಹುಣ್ಣು: ಇವುಗಳಲ್ಲಿ ಒಂದು ಕಂಡರೂ ಬೆರಳು ಕಪ್ಪಾಗುವವರೆಗೆ ಕಾಯಬೇಡಿ, ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಚಟ ಬಿಡಲು ಒಬ್ಬರಿಂದ ಆಗದಿದ್ದರೆ 1800-11-2356ಕ್ಕೆ ಕರೆ ಮಾಡಿ. ಅದು ಸರ್ಕಾರದ ಸಹಾಯವಾಣಿ, ದುಡ್ಡು ಹತ್ತುವುದಿಲ್ಲ.