ತರಬೇತಿ ಕೊಟ್ಟರೆ ಸಾಲದು, ಬೆನ್ನಿಗೂ ನಿಲ್ಲಬೇಕು



ನೀವು ಡೇರಿಗೆ ಹಾಕಿದ ಹಾಲು ಸಂಸ್ಕರಣೆಯಾಗಿ, ಪ್ಯಾಕೆಟ್ಟಾಗಿ ಬೆಂಗಳೂರಿನ ಬಸವೇಶ್ವರನಗರದಂಥ ಬಡಾವಣೆಗಳಿಗೆ ಹೋಗುತ್ತದೆ. ಮಗುವಿಗೆ ಹಾಲು ಕಾಯಿಸುವ ಅಲ್ಲಿನ ತಾಯಿ ಅದು ಯಾರ ಮನೆಯ ಹಸುವಿನದೆಂದು ಕೇಳುವುದಿಲ್ಲ, ನಂಬುತ್ತಾಳೆ. ಆ ನಂಬಿಕೆಯ ಮೊದಲ ಕಾವಲು ನಿಮ್ಮ ಸಂಘದ ಹಾಲು ಪರೀಕ್ಷಕಿ.

ನಾನು ಭೇಟಿ ಕೊಡುವ ಒಂದು ಸಂಘದ ಪರೀಕ್ಷಕಿ ತರಬೇತಿ ಮುಗಿಸಿ ಹುರುಪಿನಿಂದ ಬಂದಿದ್ದರು. ಹಾಲನ್ನು ಕಲಕಿ ಸ್ಯಾಂಪಲ್ ತೆಗೆಯುವುದು, ಲ್ಯಾಕ್ಟೋಮೀಟರ್ ಡಿಗ್ರಿ ನೋಡುವುದು, ಎಲ್ಲವೂ ಅಚ್ಚುಕಟ್ಟು. ಆರು ತಿಂಗಳ ನಂತರ ಹೋದರೆ ಕಲಕದೆಯೇ ಸ್ಯಾಂಪಲ್ ತೆಗೆಯುತ್ತಿದ್ದರು.

“ಯಾಕಮ್ಮಾ, ಮರೆತುಹೋಯಿತಾ?” ಎಂದೆ.

“ಮರೆತಿಲ್ಲ ಡಾಕ್ಟ್ರೇ. ತೂಕ ಹಾಕೋದೂ ನಾನೇ, ಬರೆಯೋದೂ ನಾನೇ. ತಡವಾದರೆ ಸಾಲಿನಲ್ಲಿದ್ದವರು ಬೈತಾರೆ. ಒಂದು ದಿನ ಡಿಗ್ರಿ ಕಮ್ಮಿ ಬಂದ ಹಾಲು ವಾಪಸ್ ಕಳಿಸಿದೆ. ಅದು ದೊಡ್ಡವರ ಮನೆ ಹಾಲು, ಮತ್ತೆ ಕ್ಯಾನಿಗೆ ಸುರಿಸಿದರು. ಅದೇ ವಾರ ಬಡವರ ಹಾಲು ಮಾತ್ರ ವಾಪಸ್ ಹೋಯ್ತು. ಇನ್ಯಾಕೆ ನೋಡಲಿ?”

ತಪ್ಪು ತರಬೇತಿಯದಲ್ಲ, ಆಕೆಯದೂ ಅಲ್ಲ. ಕಲಿತದ್ದು ಕೆಲಸಕ್ಕೆ ಬರಬೇಕಾದರೆ ಕಲಿಯುವವರು, ಕಲಿಸುವ ರೀತಿ, ಕೆಲಸದ ಜಾಗ ಈ ಮೂರೂ ಕೂಡಿಬರಬೇಕೆಂದು ಅಮೆರಿಕದ ಸಂಶೋಧಕರಾದ ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲೇ ಬರೆದರು. ಮೊದಲೆರಡನ್ನು ನಾವು ನೋಡುತ್ತೇವೆ, ಮೂರನೆಯದನ್ನು ಮರೆಯುತ್ತೇವೆ.

ನಿಮಗೇನು ನಷ್ಟ?

ಹಾಲು ನಿಂತರೆ ಕೊಬ್ಬು ಮೇಲಕ್ಕೆ ಬರುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ಫ್ಯಾಟ್ ಹೆಚ್ಚು, ಅಡಿಯಿಂದ ತೆಗೆದರೆ ಕಡಿಮೆ ತೋರುತ್ತದೆ. ನಿಮ್ಮ ಬಟವಾಡೆ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಒಬ್ಬರ ಕೆಟ್ಟ ಹಾಲು ಕ್ಯಾನಿಗೆ ಬಿದ್ದರೆ ಉಳಿದವರ ಒಳ್ಳೆಯ ಹಾಲೂ ಕೆಡುತ್ತದೆ.

ಯಜಮಾನರು ನೀವೇ

ಸಹಕಾರ ಸಂಘದಲ್ಲಿ ಪರೀಕ್ಷಕಿಯ ಯಜಮಾನರು ಸದಸ್ಯರಾದ ನೀವು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಇವನ್ನು ಕೇಳಿ:

1. ಹಾಲು ಹಾಕುವ ಹೊತ್ತಿನಲ್ಲಿ ತೂಕಕ್ಕೆ, ಬರೆಯಲು ಆಕೆಗೆ ಇನ್ನೊಬ್ಬರ ನೆರವಿದೆಯೇ?
2. ಸಂಬಳ ಹೇಳಿದ ದಿನಕ್ಕೆ ಸಿಗುತ್ತಿದೆಯೇ? ಪರೀಕ್ಷೆಯ ಸಾಮಾನು ದಾಸ್ತಾನಿದೆಯೇ?
3. ಅಧ್ಯಕ್ಷರ ಮನೆಯ ಹಾಲಿಗೂ ಅದೇ ಪರೀಕ್ಷೆ ಇದೆಯೇ?
4. ತಿರಸ್ಕರಿಸಿದ ಹಾಲನ್ನು ಹಾಕಿದವರ ಎದುರೇ ಮತ್ತೊಮ್ಮೆ ಪರೀಕ್ಷಿಸಿ, ಪುಸ್ತಕದಲ್ಲಿ ಬರೆಯುತ್ತಾರೆಯೇ? ಜಗಳವಾದರೆ ಆಡಳಿತ ಮಂಡಳಿ ಆಕೆಯ ಪರ ನಿಲ್ಲುತ್ತದೆಯೇ?

ಮನೆಯಲ್ಲೂ ಇದೇ ಮಾತು. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಕೂಡಲೇ ಮಲಗದಂತೆ ಮೇವು ಹಾಕಬೇಕು. ಕೆಚ್ಚಲು ಬಾವು ತಡೆಯಲು ಇದು ಸುಲಭ ದಾರಿ ಎಂದು ನಿಮಗೆ ಹೇಳಿಕೊಟ್ಟಿದ್ದೇವೆ. ಆದರೆ ಬಟವಾಡೆ ಹಣ ನಿಮ್ಮ ಕೈಗೇ ಬರದಿದ್ದರೆ ಅಯೋಡಿನ್ ಕೊಳ್ಳುವುದು ಹೇಗೆ? ಹಸು ನೋಡಿಕೊಳ್ಳುವವರು ನೀವಾದರೆ ಹಾಲಿನ ಹಣವೂ ನಿಮ್ಮ ಹೆಸರಿನ ಖಾತೆಗೆ ಬರಲಿ.

ಇಂದು ಸಂಜೆ ಸಾಲಿನಲ್ಲಿ ನಿಂತಾಗ ಪರೀಕ್ಷಕಿಗೆ ಒಂದು ಮಾತು ಹೇಳಿ: “ನಿಧಾನವಾದರೂ ಪರವಾಗಿಲ್ಲಮ್ಮ, ಕಲಕಿಯೇ ತೆಗಿ.” ಆಕೆ ಕಲಿತದ್ದು ಉಳಿಯುವುದು ಇಂಥ ಮಾತಿನಿಂದಲೇ.