ಸಕ್ಕರೆ ಆರತಿ: ಗೌರಿ ಹುಣ್ಣಿಮೆಯ ಅಚ್ಚುಗಾರಿಕೆ

ದೀಪಾವಳಿಯಾಗಿ ಹದಿನೈದು ದಿನಕ್ಕೆ ಬರುವ ಕಾರ್ತಿಕ ಮಾಸದ ಹುಣ್ಣಿಮೆಗೆ ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆ ಎಂಬ ಹೆಸರಿದ್ದು, ಭಾದ್ರಪದದಲ್ಲಿ ಗಣೇಶ ಚೌತಿಯ ಮುನ್ನಾದಿನ ಗೌರಿಯನ್ನು ಪೂಜಿಸುವ ದಕ್ಷಿಣದ ಜಿಲ್ಲೆಗಳವರಿಗೆ ಇದರ ಪರಿಚಯ ಕಡಿಮೆ. ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಗಳಲ್ಲಿ ಈ ಹಬ್ಬದ ಹೊತ್ತಿಗೆ ಬಿಳಿ, ಗುಲಾಬಿ, ಹಳದಿ ಬಣ್ಣಗಳ ಸಕ್ಕರೆಯ ಆನೆ, ಒಂಟೆ, ನವಿಲು, ಬಸವಣ್ಣ, ತೇರು, ಗೋಪುರಗಳು ತಕ್ಕಡಿಯಲ್ಲಿ ತೂಗಿ ಮಾರಾಟವಾಗುತ್ತವೆ. ತಟ್ಟೆಯಲ್ಲಿ ಈ ಗೊಂಬೆಗಳನ್ನು ಜೋಡಿಸಿ, ದೀಪವಿಟ್ಟು, ಸಿಂಗರಿಸಿಕೊಂಡ ಹೆಣ್ಣುಮಕ್ಕಳು ಗುಡಿಯ ಗೌರಿಗೆ ಬೆಳಗುವುದರಿಂದ ಇವುಗಳಿಗೆ ಸಕ್ಕರೆ ಆರತಿ ಎಂದೇ ಹೆಸರು. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆಗೆ ಸಕ್ಕರೆ ಆರತಿಯನ್ನು ಒಯ್ದು ಕೊಡುವ ಪದ್ಧತಿಯೂ ಇದೆ.

ಇದೇ ಋತುವಿನಲ್ಲಿ, ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ, ಅಮೆರಿಕದ ಮನೆಗಳಲ್ಲಿ ಕುಂಬಳಕಾಯಿ, ಬಾವಲಿ, ಉದುರೆಲೆಗಳ ಆಕಾರದ ಬಿಸ್ಕತ್ತು ಸುಟ್ಟು, ಮೊಟ್ಟೆಯ ಬಿಳಿಯಲ್ಲಿ ಸಕ್ಕರೆ ಪುಡಿ ಕಲಸಿದ ಐಸಿಂಗ್ ಎಂಬ ಲೇಪದಿಂದ ಚಿತ್ರ ಬರೆಯುತ್ತಾರೆ; ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರನ್ನು ನೆನೆಯುವ ಹಬ್ಬಕ್ಕೆ ಅಚ್ಚಿನಲ್ಲಿ ಸಕ್ಕರೆಯ ತಲೆಬುರುಡೆಗಳನ್ನು ಮಾಡುತ್ತಾರೆ. ಬಿಸ್ಕತ್ತಿನ ಮೇಲೆ ತಪ್ಪಿದ ಗೆರೆಯನ್ನು ಕೆರೆದು ತೆಗೆದು ಮತ್ತೆ ಎಳೆಯಬಹುದು. ಸಕ್ಕರೆ ಆರತಿಯಲ್ಲಿ ಆ ಅನುಕೂಲವಿಲ್ಲ. ನವಿಲಿನ ಗರಿಯನ್ನೂ ಆನೆಯ ಅಂಬಾರಿಯನ್ನೂ ಮರದ ಅಚ್ಚಿನೊಳಗೆ ಮೊದಲೇ ಕೆತ್ತಿರುತ್ತಾರೆ, ಮಾಡುವವರ ಕೈಯಲ್ಲಿ ಉಳಿಯುವುದು ಪಾಕದ ಹದವೊಂದೇ.

ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಸೇರಿಸುತ್ತಾರೆ. ಹಾಲಿನಲ್ಲಿರುವ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುವಾಗ ಸಕ್ಕರೆಯ ಕೊಳೆಯನ್ನೂ ಹಿಡಿದುಕೊಂಡು ಮೇಲೆ ತೇಲುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿಯಾಗುತ್ತದೆ. ಕೆಲವು ಹನಿ ನಿಂಬೆರಸದ ಹುಳಿಯಿಂದ ಸಕ್ಕರೆಯ ಒಂದಂಶ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವುದರಿಂದ ಹರಳುಗಳು ದೊಡ್ಡದಾಗಿ ಬೆಳೆಯದೆ ಗೊಂಬೆಯ ಮೈ ನುಣುಪಾಗುತ್ತದೆಯಾದರೂ, ಹುಳಿ ಹೆಚ್ಚಾದರೆ ಗೊಂಬೆ ಗಟ್ಟಿಯಾಗದೆ ಅಂಟಂಟಾಗುತ್ತದೆ. ನೀರು ಆವಿಯಾದಂತೆ ಪಾಕದ ಕಾವು 100 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ ಏರುತ್ತದೆ, 115 ಡಿಗ್ರಿಯ ಸುಮಾರಿಗೆ ಅದರಲ್ಲಿ ಶೇಕಡಾ 85ರಷ್ಟು ಸಕ್ಕರೆಯೇ ಇರುತ್ತದೆ. ಅನುಭವಸ್ಥ ಹೆಂಗಸರು ಇದನ್ನೆಲ್ಲ ಅಳೆಯುವುದು ಎರಡು ಬೆರಳ ನಡುವೆ ಎಳೆದು ನೋಡಿ. ಹದಕ್ಕೆ ಬಂದ ಪಾಕವನ್ನು ಸೌಟಿನಿಂದ ತಿಕ್ಕಿದಾಗ ಸಣ್ಣ ಹರಳುಗಳು ಹುಟ್ಟಿ ಅದು ಬೆಳ್ಳಗೆ ಮಸುಕಾಗುತ್ತದೆ, ಆ ಕ್ಷಣದಲ್ಲೇ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ಅವಸರಪಟ್ಟರೆ ಅಚ್ಚಿಗೆ ಅಂಟಿಕೊಂಡು ಕುದುರೆಯ ಕಾಲು ಅದರೊಳಗೇ ಉಳಿಯುತ್ತದೆ.

ಅಚ್ಚು ಎಂದರೆ ಆಕಾರವನ್ನು ಒಳಗುಳಿಯಾಗಿ ಕೆತ್ತಿದ, ಎರಡು ಹೋಳುಗಳ ಮರದ ತುಂಡು. ಸಾಗವಾನಿಯದು ಬಾಳಿಕೆಗೆ ಮೇಲು. ಅದನ್ನು ಮೊದಲೇ ನೀರಿನಲ್ಲಿ ನೆನೆಸಿ, ಪಾಕ ಅಂಟದಂತೆ ಮಾಡಿ, ಹೋಳುಗಳನ್ನು ಬಿಗಿಯಾಗಿ ಕಟ್ಟಿ ಹೊಯ್ಯುತ್ತಾರೆ. ಮಳೆಗಾಲದ ತೇವಕ್ಕೆ ಸಕ್ಕರೆ ನೀರೊಡೆಯುತ್ತದೆ, ಬಯಲುಸೀಮೆಯ ಕಾರ್ತಿಕದ ಒಣಹವೆಯಲ್ಲಿ ಗೊಂಬೆ ಬಹಳ ದಿನ ಕೆಡದೆ ನಿಲ್ಲುತ್ತದೆ. ಇದು ಹಬ್ಬದ ತಿಥಿ ಗೊತ್ತುಮಾಡಿದವರ ಲೆಕ್ಕದಲ್ಲಿತ್ತೋ ಇಲ್ಲವೋ, ಕೆಲಸಕ್ಕಂತೂ ಅನುಕೂಲವೇ ಆಗಿದೆ.

ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಟ್ಟೆಗೆ ಬಳಸುವ ರೋಡಮೈನ್-ಬಿ ಎಂಬ ಗುಲಾಬಿ ಬಣ್ಣ ಬೆರೆತ ಬೊಂಬಾಯಿ ಮಿಠಾಯಿಯನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆರತಿ ಬೆಳಗಿದ ಮೇಲೆ ಗೊಂಬೆ ಮುರಿದು ತಿನ್ನುವವರು ಮಕ್ಕಳೇ ಆದ್ದರಿಂದ, ಕಣ್ಣು ಕೋರೈಸುವ ಗುಲಾಬಿಗಿಂತ ಬಣ್ಣವಿಲ್ಲದ ಬಿಳಿ ಗೊಂಬೆಯೇ ಲೇಸು; ಕೆತ್ತನೆಯ ಸೂಕ್ಷ್ಮವೂ ಅದರಲ್ಲಿಯೇ ಚೆನ್ನಾಗಿ ಕಾಣುತ್ತದೆ.

ಪೇಟೆಯಲ್ಲಿ ಸಿದ್ಧ ಗೊಂಬೆ ಸಿಗುವುದರಿಂದ ಮನೆಯಲ್ಲಿ ಪಾಕ ಹಿಡಿಯುವವರು ಕಡಿಮೆಯಾಗುತ್ತಿದ್ದಾರೆ, ಬಳಸದ ಅಚ್ಚಿಗೆ ಹುಳ ಬೀಳುವುದಕ್ಕೂ ಹೆಚ್ಚು ವರ್ಷ ಬೇಕಾಗುವುದಿಲ್ಲ. ಅಟ್ಟದ ಮೇಲೆ ಹಿರಿಯರ ಕಾಲದ ಅಚ್ಚುಗಳಿರುವ ಮನೆಯವರು ಅವನ್ನು ಇಳಿಸಿ, ತೊಳೆದು, ಹದ ಬಲ್ಲವರು ಮನೆಯಲ್ಲಿರುವಾಗಲೇ ಒಂದು ಕಿಲೋ ಸಕ್ಕರೆಯಿಂದಲಾದರೂ ಮುಂದಿನ ಗೌರಿ ಹುಣ್ಣಿಮೆಗೆ ಕೆಲಸ ಕಲಿಯಬೇಕು.