ಹೊಳೆ ದಂಡೆಯ ಕಾರ್ಖಾನೆ, ಹೊಲದ ಬಣ್ಣ

ಹಾವೇರಿ ಸೀಮೆಗೆ ದೊಡ್ಡ ಕೈಗಾರಿಕೆ ಬಂದು ಇಳಿದದ್ದು ಹೊಳೆ ದಂಡೆಗೆ. 1972ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಕಟ್ಟಿಗೆಯಿಂದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಾದದ್ದು ತುಂಗಭದ್ರೆಯ ನೀರು ಮತ್ತು ನೀಲಗಿರಿ ಕಟ್ಟಿಗೆ. ಅದರ ಸಂಬಳದಿಂದ ಎಷ್ಟೋ ಮನೆಗಳು ನಡೆದವು, ಮಕ್ಕಳು ಓದಿದರು. ಇದನ್ನು ಮರೆಯುವುದು ಅನ್ಯಾಯ. ಆದರೆ ಹೊಳೆ ಕೆಟ್ಟಿತೆಂದು ಕೆಳಗಿನ ಊರಿನವರು ದೂರಿದರು. 1984ರಲ್ಲಿ ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ದನ ಮೇಯುವ, ಸೌದೆ ಸಿಗುವ ಊರೊಟ್ಟಿನ ಜಮೀನಿಗೂ ನೀಲಗಿರಿ ಹಚ್ಚಲು ಹೊರಟಾಗ ಜನ ಸುಮ್ಮನಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಮುಂದಾಳತ್ವದಲ್ಲಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ. 1991ರಲ್ಲಿ ಪಲ್ಪ್‌ವುಡ್ ಸಂಸ್ಥೆ ಬಾಗಿಲು ಹಾಕಿತು.

ಅದೇ ಸೀಮೆಯ ಬ್ಯಾಡಗಿಯಲ್ಲಿ ಕೈಗಾರಿಕೆ ಬೆಳೆಯ ಬೆನ್ನು ಹತ್ತಿ ಬಂತು. ಇಲ್ಲಿನ ಮೆಣಸಿನಕಾಯಿ ಸುಕ್ಕುಗಟ್ಟಿದ್ದು, ಖಾರ ಕಡಿಮೆ, ಬಣ್ಣ ಗಾಢ. ಅದರಲ್ಲಿ ಎರಡು ಬಗೆ: ಡಬ್ಬಿ ದಪ್ಪಗೆ ಗಿಡ್ಡ, ಕಡ್ಡಿ ತೆಳ್ಳಗೆ ಉದ್ದ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರಿನಿಂದ, ಆಂಧ್ರದಿಂದಲೂ ಚೀಲಗಳು ಬರುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಕಣ್ಣಲ್ಲಿ ನೀರು, ಬೆರಳ ತುದಿಗೆ ಉರಿ. ಆ ಮೇಲೆ ಕಾಯಿ ಪುಡಿಯಾಗುತ್ತದೆ, ಇಲ್ಲವೇ ಓಲಿಯೋರೆಸಿನ್ ಕಾರ್ಖಾನೆ ಸೇರುತ್ತದೆ. ಅಲ್ಲಿ ಪುಡಿಯ ಮೂಲಕ ದ್ರಾವಕ ಹಾಯಿಸಿ, ಅದನ್ನು ಆವಿ ಮಾಡಿ ತೆಗೆದರೆ ಉಳಿಯುವುದು ಕಡುಗೆಂಪು ಜಿಡ್ಡು ರಸ. ತಿಂಡಿ ತಿನಿಸಿನಿಂದ ತುಟಿಬಣ್ಣದವರೆಗೆ ಅದು ಹೋಗುತ್ತದೆ. ಈ ವಿದ್ಯೆಯಲ್ಲಿ ಕೇರಳ ಮೊದಲೇ ಪಳಗಿತ್ತು: ಅಲ್ಲಿನ ಓಲಿಯೋರೆಸಿನ್ ಕಂಪನಿ ಸಿಂಥೈಟ್ ಹುಟ್ಟಿದ್ದೂ 1972ರಲ್ಲೇ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹೆಸರು ಉಳಿಯಿತು, ಬೆಲೆ ನಿಲ್ಲಲಿಲ್ಲ. 2024ರ ಮಾರ್ಚ್ 11ರಂದು ದರ ಏಕಾಏಕಿ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಸಾಲ ಮಾಡಿ ಬೆಳೆದವನಿಗೆ ಅಂದಿನ ದರವೊಂದೇ ಗತಿ, ಬಣ್ಣದ ಲಾಭ ಅವನ ಕೈದಾಟಿದ ಮೇಲೆ ಹುಟ್ಟುತ್ತದೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಜಿಲ್ಲೆಗೆ ಕೈಗಾರಿಕೆ ಬೇಕೇ ಬೇಕು, ಆದರೆ ಅದರ ಲಾಭ ಬೆಳೆದವರಿಗೂ ಮುಟ್ಟಬೇಕು. ಬೆಳೆಗಾರರ ಉತ್ಪಾದಕ ಕಂಪನಿಗಳಿಗೆ ಶೀತಲಗೃಹದಲ್ಲೂ ಓಲಿಯೋರೆಸಿನ್ ಘಟಕದಲ್ಲೂ ಪಾಲು ಸಿಗುವಂತೆ ಸರ್ಕಾರ ಸಾಲ, ಜಾಗ ಕೊಡಲಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿಯನ್ನೂ ಆ ಲೆಕ್ಕದಲ್ಲೇ ಹಿಡಿಯಲಿ.